ಎರಡು ವಾರ ರಜೆ ಇದೆ, ನಾನೂ ಹೋಗಬಹುದಾ?

ನಾನು ಹೊರದೇಶದ ಹಳ್ಳಿಗಳಲ್ಲಿ ಸ್ವಯಂಸೇವಕಿಯಾಗಿ ಮಕ್ಕಳ ಪೌಷ್ಟಿಕತೆಯ ಕೆಲಸ ಮಾಡಿ ಬಂದವಳು ಅಂತ ಗೊತ್ತಾದ ಕೂಡಲೇ ಡಾಕ್ಟರಾಗಲಿ, ಎಂಜಿನಿಯರಾಗಲಿ, ಕೃಷಿ ಓದಿದವರಾಗಲಿ ಕೇಳುವುದು ಇದೊಂದನ್ನೇ: "ನನಗೂ ಎರಡು ವಾರ ರಜೆ ಸಿಗುತ್ತೆ, ನಾನೂ ಹೋಗಬಹುದಾ?"

ಬಹುತೇಕ ಸಲ "ಬೇಡ" ಅನ್ನುತ್ತೇನೆ. ಕೇಳಿದವರ ಮುಖ ಸಪ್ಪಗಾಗುತ್ತದೆ. ಕಾರಣ ಹೇಳಬೇಕೆಂದರೆ ಮೊದಲು ನನ್ನದೇ ತಪ್ಪನ್ನು ಹೇಳಬೇಕು.

ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳ ಎಡತೋಳಿಗೆ ಒಂದು ಬಣ್ಣದ ಪಟ್ಟಿ ಸುತ್ತಿ ಅಳೆಯುತ್ತಾರೆ. ಭುಜದ ತುದಿಗೂ ಮೊಣಕೈಗೂ ಸರಿಯಾಗಿ ನಡುವೆ, ಕೈ ಸಡಿಲವಾಗಿ ಇಳಿಬಿಟ್ಟಿರಬೇಕು, ಪಟ್ಟಿ ಚರ್ಮವನ್ನು ಒತ್ತಬಾರದು. 12.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಹಳದಿ, 11.5ಕ್ಕಿಂತ ಕಡಿಮೆ ಬಂದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ. ಕೆಲಸ ಇಷ್ಟೇ. ಮೊದಲ ಸಲ ಹೋದಾಗ ಅದನ್ನೆಲ್ಲ ನಾನೇ ಮಾಡಿದೆ. ನನ್ನ ಕೈ ಚುರುಕು, ಸಾಲು ಬೇಗ ಕರಗುತ್ತಿತ್ತು. ಅಲ್ಲಿನ ಆರೋಗ್ಯ ಕಾರ್ಯಕರ್ತೆ ಪಕ್ಕದಲ್ಲಿ ನಿಂತು ನಾನು ಹೇಳಿದ ಅಂಕಿ ಬರೆದುಕೊಳ್ಳುತ್ತಿದ್ದಳು. ಎರಡನೇ ವಾರ ನನಗೆ ಜ್ವರ ಬಂತು. ಮೂರು ದಿನ ಮಲಗಿ ಎದ್ದು ಹೋಗಿ ನೋಡಿದರೆ ಪುಸ್ತಕದ ಹಾಳೆ ಖಾಲಿ. ಯಾಕೆ ಅಳೆಯಲಿಲ್ಲ ಅಂತ ಸ್ವಲ್ಪ ಗಡುಸಾಗಿಯೇ ಕೇಳಿದೆ. ಅವಳು ಸಿಟ್ಟಾಗಲಿಲ್ಲ. "ಪಟ್ಟಿ ನಿಮ್ಮ ಚೀಲದಲ್ಲಿತ್ತು" ಅಂದಳು.

ಆಫ್ರಿಕಾದ ನೈಜರ್ ದೇಶದಲ್ಲಿ ಇದೇ ಪಟ್ಟಿಯನ್ನು ತಾಯಂದಿರ ಕೈಗೇ ಕೊಟ್ಟು ನೋಡಿದರು. ತರಬೇತಿ ಪಡೆದ ಕಾರ್ಯಕರ್ತರ ಅಳತೆಯಷ್ಟೇ ಅವರ ಅಳತೆಯೂ ಸರಿಯಾಗಿತ್ತು. ಮಗು ತೀರಾ ಸೊರಗುವ ಮುಂಚೆಯೇ ತಾಯಿ ಕರೆದುಕೊಂಡು ಬಂದರೆ ಅರ್ಧ ಕೆಲಸ ಆದಂತೆ. ಬೇರೆ ತೊಡಕಿಲ್ಲದೆ ಹಸಿವು ಚೆನ್ನಾಗಿರುವ ಮಗುವನ್ನು ಆಸ್ಪತ್ರೆಯಲ್ಲಿ ವಾರಗಟ್ಟಲೆ ಇಟ್ಟುಕೊಳ್ಳುವುದು ಬೇಡ, ಮನೆಯಲ್ಲೇ ಚಿಕಿತ್ಸೆ ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮೊದಲಾದವು 2007ರಲ್ಲೇ ಒಟ್ಟಾಗಿ ಹೇಳಿವೆ. ಕೊಡುವುದು 92 ಗ್ರಾಂನ ಪೊಟ್ಟಣ, ಅದರಲ್ಲಿ ಕಡಲೆಕಾಯಿ ಪೇಸ್ಟು, ಹಾಲಿನ ಪುಡಿ, ಎಣ್ಣೆ, ಸಕ್ಕರೆ. ಒಂದೊಂದರಲ್ಲೂ 500 ಕ್ಯಾಲೊರಿ. ಇಷ್ಟರಲ್ಲಿ ನನ್ನ ಚುರುಕು ಕೈಗೆ ಎಲ್ಲಿದೆ ಜಾಗ?

ಆಹಾರದ ಕಡೆಯೂ ಇದೇ ಕಥೆ. ಅಲಸಂದೆಗೆ ಹುಳ ಬೀಳದಂತೆ ಇಡುವ ಮೂರು ಪದರದ ಚೀಲವೊಂದಿದೆ. 1980ರ ದಶಕದ ಕೊನೆಗೆ ಕ್ಯಾಮರೂನ್‌ನಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಶುರುಮಾಡಿದ ಕೆಲಸದಿಂದ ಬಂದದ್ದು. ಒಳಗೆ ಎರಡು ದಪ್ಪ ಪ್ಲಾಸ್ಟಿಕ್ ಚೀಲ, ಹೊರಗೆ ನೇಯ್ದ ಗೋಣಿ. ಚೆನ್ನಾಗಿ ಒಣಗಿದ ಕಾಳು ತುಂಬಿ, ಗಾಳಿ ಹಿಂಡಿ ತೆಗೆದು, ಒಂದೊಂದು ಪದರದ ಬಾಯನ್ನೂ ಬೇರೆಬೇರೆಯಾಗಿ ತಿರುಚಿ, ಮಡಚಿ ಬಿಗಿಯಾಗಿ ಕಟ್ಟಬೇಕು. ಒಳಗಿನ ಹುಳಗಳು ಇದ್ದ ಆಮ್ಲಜನಕವನ್ನು ತಾವೇ ಉಸಿರಾಡಿ ಮುಗಿಸಿಕೊಂಡು ಸಾಯುತ್ತವೆ. ಔಷಧಿ ಬೇಕಿಲ್ಲ. ಎರಡು ನಿಮಿಷದಲ್ಲಿ ಕಲಿಸಬಹುದು. ಆದರೆ ಕಲಿಸಿದ್ದನ್ನು ರೈತ ನಂಬುವುದು ಯಾವಾಗ? ಊರವರ ಮುಂದೆ ಕಟ್ಟಿದ ಚೀಲವನ್ನು ನಾಲ್ಕಾರು ತಿಂಗಳ ಮೇಲೆ ಊರವರ ಮುಂದೆಯೇ ಬಿಚ್ಚಿದಾಗ. ಎರಡು ವಾರದ ರಜೆಯವರು ಚೀಲ ಕಟ್ಟಿ ಫೋಟೊ ತೆಗೆಸಿಕೊಂಡಿರುತ್ತಾರೆ. ಬಿಚ್ಚುವ ದಿನ ಅವರು ಎಲ್ಲಿರುತ್ತಾರೋ. ಸಾಲದ್ದಕ್ಕೆ ಚೀಲಗಳನ್ನು ಪುಕ್ಕಟೆ ಹಂಚಿ ಬಂದಿದ್ದರೆ ಅಲ್ಲಿನ ಅಂಗಡಿಯವನು ಮುಂದಿನ ಸುಗ್ಗಿಗೆ ಚೀಲ ತರಿಸುವ ಗೋಜಿಗೇ ಹೋಗುವುದಿಲ್ಲ.

ಹಾಗಂತ ಕಡಿಮೆ ದಿನಕ್ಕೆ ಹೋಗುವವರೆಲ್ಲ ವ್ಯರ್ಥ ಅನ್ನಲಾರೆ. ಶಸ್ತ್ರಚಿಕಿತ್ಸಕರು, ಅರಿವಳಿಕೆ ತಜ್ಞರು ಕೆಲವೇ ವಾರಕ್ಕೆ ಹೋಗಿ ಬರುವುದುಂಟು. ಲಸಿಕೆಯ ಫ್ರಿಜ್ಜು 2ರಿಂದ 8 ಡಿಗ್ರಿಯೊಳಗೆ ನಿಲ್ಲುತ್ತಿಲ್ಲ, ಬಂದು ನೋಡಿಕೊಡಿ, ನಮ್ಮ ಹುಡುಗನಿಗೂ ರಿಪೇರಿ ಕಲಿಸಿ ಅಂತ ಅಲ್ಲಿಂದಲೇ ಕರೆ ಬಂದರೆ ಹತ್ತು ದಿನ ಧಾರಾಳವಾಯಿತು. ಡಾಕ್ಟರಿಗಿಂತ ಅಂಥ ಮೆಕ್ಯಾನಿಕ್ಕಿಗೇ, ಉಗ್ರಾಣದ ಲೆಕ್ಕ ನೆಟ್ಟಗೆ ಇಡುವವರಿಗೇ ಹೆಚ್ಚು ಬೇಡಿಕೆ ಇರುವ ಕಡೆಗಳನ್ನು ನೋಡಿದ್ದೇನೆ. ಇದನ್ನು ಡಾಕ್ಟರುಗಳಿಗೆ ಹೇಳಿದರೆ ಯಾಕೋ ಹಿಡಿಸುವುದಿಲ್ಲ.

ದುಡ್ಡಿನ ಮಾತೂ ಬರುತ್ತದೆ. ಸ್ವಯಂಸೇವೆ ಅಂದರೆ ಕೈಯಿಂದ ಖರ್ಚು ಅಂತಲೇ ಅಲ್ಲ. 1970ರಲ್ಲಿ ಹುಟ್ಟಿದ ವಿಶ್ವಸಂಸ್ಥೆಯ ಸ್ವಯಂಸೇವಕ ವಿಭಾಗ ಜೀವನ ಭತ್ಯೆ ಕೊಡುತ್ತದೆ, ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಮಾಡುವ ಕೆಲಸಗಳೂ ಅದರಲ್ಲಿವೆ. ಅಮೆರಿಕ ಸರ್ಕಾರದ ಸ್ವಯಂಸೇವಕ ಸಂಸ್ಥೆ ಪೀಸ್ ಕೋರ್‌ನಲ್ಲಿ ಅವಧಿ 27 ತಿಂಗಳು, ಅದರಲ್ಲಿ ಮೊದಲ ಮೂರು ತಿಂಗಳು ತರಬೇತಿಗೇ ಮೀಸಲು. ಭಾಷೆ ಕಲಿಯಲು ಅಷ್ಟಾದರೂ ಬೇಡವೇ?

ಇಷ್ಟಾದ ಮೇಲೂ ಹೊರಡುವ ಮನಸ್ಸಿದ್ದರೆ, ನಿಮ್ಮನ್ನು ಕರೆಸಿಕೊಳ್ಳುವವರಿಗೆ ಒಂದು ಪತ್ರ ಬರೆಯಿರಿ: "ನಾನು ವಾಪಸು ಬಂದ ಮೇಲೆ ಈ ಕೆಲಸ ಯಾರು ಮಾಡುತ್ತಾರೆ? ಅವರ ಹೆಸರು ತಿಳಿಸಿ." ಉತ್ತರದಲ್ಲಿ ಬರೀ ಹೊಗಳಿಕೆ ಇದ್ದರೆ ಟಿಕೆಟ್ ಮಾಡಿಸಬೇಡಿ. ಒಬ್ಬರ ಹೆಸರು ಇದ್ದರೆ ನನಗೆ ಹೇಳಿ, ಬ್ಯಾಗಿಗೆ ಏನೇನು ಹಾಕಿಕೊಳ್ಳಬೇಕು ಅಂತ ಪಟ್ಟಿ ಮಾಡಿಕೊಡುತ್ತೇನೆ. ಅಳತೆಯ ಪಟ್ಟಿ ಮಾತ್ರ ಅದರಲ್ಲಿ ಇರುವುದಿಲ್ಲ.