ಉಲುರು ಯಾವ ತಾಲ್ಲೂಕು?

ಆಸ್ಟ್ರೇಲಿಯಾದಲ್ಲಿರುವ ನನ್ನ ತಂಗಿ ರಜೆಗೆ ಉಲುರು ನೋಡಲು ಹೋಗಿದ್ದಳು. ಫೋಟೋ ಕಳಿಸಿದ್ದಳು, ಬಯಲಿನ ನಡುವೆ ಸುಟ್ಟ ಇಟ್ಟಿಗೆಯಂಥ ಒಂದೇ ಒಂದು ಕೆಂಪು ಬಂಡೆ. ಅಮ್ಮನಿಗೆ ತೋರಿಸಿ ಹೆಸರು ಹೇಳಿದೆ. "ಉಲೂರಾ? ಅದ್ಯಾವ ತಾಲ್ಲೂಕಲ್ಲಿ ಬರತ್ತೋ?" ಅಂದರು. ಕೊನೆಗೊಂದು 'ಊರು' ಕೇಳಿಸಿದರೆ ಸಾಕು, ನಮಗೆ ಅದು ನಮ್ಮ ಕಡೆಯದೇ.

ಆ ಬಂಡೆಯನ್ನು ಅಲ್ಲಿನ ಮೂಲನಿವಾಸಿಗಳಾದ ಅನಂಗು ಜನ ಉಲುರು ಅಂತಲೇ ಕರೆಯುತ್ತಿದ್ದರು. 1873ರಲ್ಲಿ ವಿಲಿಯಂ ಗಾಸ್ ಅನ್ನೋ ಸರ್ವೇಯರ್ ಬಂದ, ಹೆನ್ರಿ ಏಯರ್ಸ್ ಅನ್ನೋ ದೊಡ್ಡ ಮನುಷ್ಯರ ಹೆಸರಲ್ಲಿ 'ಏಯರ್ಸ್ ರಾಕ್' ಅಂತ ಬರೆದುಕೊಂಡು ಹೋದ. 1985ರಲ್ಲಿ ಜಾಗ ಅನಂಗು ಜನರಿಗೆ ವಾಪಸ್ ಸಿಕ್ಕಿತು. ಹೆಸರು ಸಿಗೋದು ಇನ್ನೂ ತಡವಾಯಿತು. 1993ರಲ್ಲಿ 'ಏಯರ್ಸ್ ರಾಕ್ / ಉಲುರು' ಅಂತ ಎರಡೂ ಸೇರಿದವು, 2002ರಲ್ಲಿ ಉಲುರು ಮುಂದೆ ಬಂತು. ಬರೀ ಹಿಂದುಮುಂದು ಮಾಡೋಕೆ 9 ವರ್ಷ!

ನನಗೆ ತಕ್ಷಣ ನೆನಪಾಗಿದ್ದು ಸಂಪಂಗಿ ಕೆರೆ. ಕಾಲೇಜಲ್ಲಿದ್ದಾಗ ಎರಡು ವರ್ಷ ಕಂಠೀರವ ಸ್ಟೇಡಿಯಂ ಟ್ರ್ಯಾಕ್‌ನಲ್ಲಿ ಓಡಿದ್ದೇನೆ, ಕಾಲಡಿ ಇರುವುದು ಕೆರೆಯ ಅಂಗಳ ಅಂತ ಒಬ್ಬರೂ ಹೇಳಿರಲಿಲ್ಲ. ಹೇಳಿದ್ದು ತಿಗಳರಪೇಟೆಯ ಗೆಳೆಯ, ಅದೂ ಸುಮ್ನೆ ಮಾತಿನ ನಡುವೆ. "ನಮ್ಮ ತಾತ ಸ್ಟೇಡಿಯಂ ಅನ್ನಲ್ಲ ಮಗಾ, ಕೆರೆ ಹತ್ರ ಹೋಗ್ಬರ್ತೀನಿ ಅಂತಾರೆ." ಆಮೇಲೆ ಅವನೇ ಕರೆದುಕೊಂಡು ಹೋಗಿ ತೋರಿಸಿದ. ಅಷ್ಟು ದೊಡ್ಡ ಕೆರೆಯಲ್ಲಿ ಉಳಿದಿರುವುದು ಒಂದು ಪುಟ್ಟ ಹೊಂಡ. ಪಾಚಿಗಟ್ಟಿದ ಹಸಿರು ನೀರು, ಮೇಲೆ ತೇಲುತ್ತಿದ್ದ ಒಂದು ಚಪ್ಪಲಿ. ಆದರೆ ಚೈತ್ರದಲ್ಲಿ ಕರಗ ಬಂದಾಗ ತಿಗಳ ಸಮುದಾಯದವರು ಇವತ್ತಿಗೂ ಹಸಿ ಕರಗದ ಪೂಜೆಗೆ ಅಲ್ಲಿಗೇ ಬರುತ್ತಾರೆ. ಕೆರೆ ಹೋಯಿತು, ಕೆರೆ ಹತ್ತಿರದ ಕೆಲಸ ಹೋಗಲಿಲ್ಲ. ಹೆಸರು ಉಳಿದಿರೋದು ಹಾಗೆ ಅನ್ಸುತ್ತೆ.

ಬಾಯಲ್ಲಿ ಇಲ್ಲದ ಹೆಸರನ್ನು ಆದೇಶದಿಂದ ತರೋದು ಕಷ್ಟ. ಕಬ್ಬನ್ ಪಾರ್ಕನ್ನೇ ನೋಡಿ. 1870ರಲ್ಲಿ ಶುರುವಾದಾಗ ಅದು ಮೀಡ್ಸ್ ಪಾರ್ಕ್, ಆಮೇಲೆ ಕಬ್ಬನ್, 1927ರಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನ. ಅಲ್ಲೇ ವಾಕ್ ಮಾಡುವ ಎಷ್ಟು ಜನ ಆ ಕೊನೇ ಹೆಸರು ಹೇಳ್ತಾರೆ? ಸಾಹೇಬರ ಹೆಸರು ತೆಗೆದು ರಾಜರ ಹೆಸರು ಇಡೋದು ಮರುನಾಮಕರಣ, ಹಳೇ ಹೆಸರು ವಾಪಸ್ ಕೊಡೋದು ಬೇರೆಯೇ ಕೆಲಸ. ನಮ್ಮಲ್ಲಿ ಎರಡನ್ನೂ ಒಂದೇ ಫೈಲಲ್ಲಿ ಕಟ್ಟಿಬಿಡುತ್ತಾರೆ.

ಬೆಂಗಳೂರು ಅನ್ನೋದು ಹಾಗಲ್ಲ. 2014ರ ನವೆಂಬರ್ 1ಕ್ಕೆ ಇಂಗ್ಲಿಷ್‌ನಲ್ಲೂ ಅದೇ ಆಯಿತು, ಅಮ್ಮನಿಗೆ ಏನೂ ಬದಲಾಗಲಿಲ್ಲ. ಬೇಗೂರಿನ ನಾಗೇಶ್ವರ ದೇವಸ್ಥಾನದ ವೀರಗಲ್ಲಿನಲ್ಲಿ, ಸುಮಾರು ಕ್ರಿ.ಶ. 890ರದ್ದು, ಬೆಂಗಳೂರು ಕಾಳಗದ ಮಾತಿದೆ. ಬೇಯಿಸಿದ ಕಾಳು ತಿಂದ ಹೊಯ್ಸಳ ಬಲ್ಲಾಳರಾಯನ ಕಥೆಗಿಂತ ಎಷ್ಟೋ ಹಳೆಯದು (ಬೆಂದಕಾಳೂರು ಕಥೆ ಮಾತ್ರ ಯಾರೂ ಬಿಡಲ್ಲ, ನಾನೂ ತಂಗಿಯ ಮಕ್ಕಳಿಗೆ ಅದನ್ನೇ ಹೇಳಿದ್ದೇನೆ).

ನನಗೆ ಸ್ಟೇಡಿಯಂ ಹೆಸರು ತೆಗೆಯಬೇಕು ಅಂತೇನಿಲ್ಲ. ಗೇಟಿನ ಬೋರ್ಡಲ್ಲಿ, ಉಲುರು ಥರ, 'ಸಂಪಂಗಿ ಕೆರೆ' ಅಂತ ಜೊತೆಗೆ ಬರೆದರೆ ಸಾಕು. ಮೊನ್ನೆ ಬಸ್ಸಲ್ಲಿ ಪರೀಕ್ಷೆ ಮಾಡೋಣ ಅಂತ "ಸಂಪಂಗಿ ಕೆರೆಗೆ ಒಂದು ಕೊಡಿ" ಅಂದೆ. ಕಂಡಕ್ಟರ್ ಒಂದು ಕ್ಷಣ ಮುಖ ನೋಡಿದರು. "ಸಂಪಂಗಿರಾಮನಗರನಾ ಸಾರ್?"

ಹೂಂ ಅಂದು ಟಿಕೆಟ್ ತಗೊಂಡೆ.