ಮಳೆಗಾಲದ ವೀಣೆಗೆ ಒಂದು ಒಳ್ಳೆ ಪ್ರೀಆ್ಯಂಪ್

ಮನೆಯಲ್ಲೇ ರೆಕಾರ್ಡ್ ಮಾಡುವ ಗೆಳೆಯರು ನನ್ನ ಹತ್ತಿರ ಕೇಳುವುದು ಮೈಕಿನ ಬಗ್ಗೆ. ಪ್ರೀಆ್ಯಂಪ್ (ಮೈಕಿನ ಸಣ್ಣ ಸಿಗ್ನಲನ್ನು ಎತ್ತಿಕೊಡುವ ಸಾಧನ) ವಿಷಯ ಬಂದರೆ ಒಂದೇ ಪ್ರಶ್ನೆ: "ಒಳ್ಳೆಯದು ತಕೊಂಡ್ರೆ ಸೌಂಡ್ ಬೆಚ್ಚಗೆ ಬರ್ತದಂತೆ, ಹೌದಾ?" ಆ ಬೆಚ್ಚಗಿನ ಸೌಂಡಿನ ಮೇಲೆ ನನಗೆ ಅಂಥ ಆಸೆ ಇಲ್ಲ. ಈ ವರ್ಷ ನಾನು ಪ್ರೀಆ್ಯಂಪ್ ಬದಲಿಸಿದ್ದು ಉಡುಪಿಯ ಮಳೆಯಿಂದಾಗಿ.

ನಮ್ಮದು ಕುಂಜಿಬೆಟ್ಟಿನಲ್ಲಿ ಹಂಚಿನ ಮನೆ. ಅಮ್ಮ ವೀಣೆ ಕಲಿಸುತ್ತಾರೆ. ಮಕ್ಕಳು ಮನೆಯಲ್ಲಿ ಕೇಳಿ ಅಭ್ಯಾಸ ಮಾಡಲಿ ಎಂದು ಪಾಠಗಳನ್ನು ರೆಕಾರ್ಡ್ ಮಾಡಿ ಕೊಡುವುದು ನನ್ನ ಕೆಲಸ. ಬೇಸಗೆಯಲ್ಲಿ ಏನೂ ತೊಂದರೆ ಇಲ್ಲ. ಫ್ಯಾನ್ ಆಫ್ ಮಾಡಿ, ಕಂಡೆನ್ಸರ್ ಮೈಕ್ ಇಟ್ಟು, ಕೂತರಾಯಿತು. ಆದರೆ ಜೂನ್ ಬಂತು ಅಂದರೆ ಕಥೆಯೇ ಬೇರೆ. ಗಾಳಿಯಲ್ಲೇ ನೀರು. ಆಟಿ ತಿಂಗಳಲ್ಲಂತೂ (ಜುಲೈ-ಆಗಸ್ಟ್) ಡಬ್ಬಿಯಲ್ಲಿಟ್ಟ ಉಪ್ಪು ಕೂಡ ನೀರಾಗುತ್ತದೆ.

ಕಂಡೆನ್ಸರ್ ಮೈಕಿಗೆ ಈ ತೇವ ಆಗಿಬರುವುದಿಲ್ಲ. ಅದರ ಒಳಗೆ ಒಂದು ತೆಳು ಪೊರೆ, ಅದರ ಹಿಂದೆ ಒಂದು ತಟ್ಟೆ. ಎರಡರ ನಡುವೆ ಕೂದಲಿಗಿಂತ ಸಣ್ಣ ಸಂದು. ಅಲ್ಲಿ ನಿಂತಿರುವ ಚಾರ್ಜ್ ಸೋರದೆ ಇದ್ದರೆ ಮಾತ್ರ ಮೈಕ್ ಕೆಲಸ ಮಾಡುತ್ತದೆ. ತೇವ ಕೂತರೆ ಅದು ಸೋರಲು ಶುರುವಾಗುತ್ತದೆ. ಆಗ ಚಟಪಟ ಸದ್ದು. ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಇಟ್ಟರೂ, ಹೊರಗೆ ತೆಗೆದು ಒಂದೆರಡು ಗಂಟೆ ಕೂತರೆ ಜೋರು ಮಳೆಯ ದಿನ ಮತ್ತೆ ಅದೇ. ಹಾಗಾಗಿ ಮಳೆಗಾಲದಲ್ಲಿ ನಾನು ಡೈನಮಿಕ್ ಮೈಕ್ ಬಳಸುತ್ತೇನೆ, ಶೂರ್ ಎಸ್‌ಎಂ57. 1965ರಲ್ಲಿ ಬಂದ ಮೈಕ್ ಇದು. ಒಳಗೆ ಇರುವುದು ಸುರುಳಿ ಮತ್ತು ಆಯಸ್ಕಾಂತ. ಸೋರಲು ಅಲ್ಲಿ ಚಾರ್ಜೇ ಇಲ್ಲ. ನಮ್ಮ ಕರಾವಳಿಗೆ ಹೇಳಿ ಮಾಡಿಸಿದ್ದು.

ಆದರೆ ಇದು ಕೊಡುವ ಸಿಗ್ನಲ್ ಬಹಳ ಸಣ್ಣದು. ಇಲ್ಲಿ ಸ್ವಲ್ಪ ಲೆಕ್ಕ ಬೇಕಾಗುತ್ತದೆ, ಸಹಿಸಿಕೊಳ್ಳಿ. 94 ಡೆಸಿಬೆಲ್ ಸದ್ದು ಬಿದ್ದರೆ ಎಸ್‌ಎಂ57 ಕೊಡುವುದು 1.6 ಮಿಲಿವೋಲ್ಟ್. ಅದೇ ಸದ್ದಿಗೆ ನನ್ನ ಕಂಡೆನ್ಸರ್ ಕೊಡುವುದು 12 ಮಿಲಿವೋಲ್ಟ್. ಅಮ್ಮನ ವೀಣೆ ಜೋರಿನ ವಾದ್ಯ ಅಲ್ಲ. ಮೈಕ್ ಇಡುವ ಜಾಗದಲ್ಲಿ ಫೋನ್ ಹಿಡಿದು ನೋಡಿದರೆ ಸುಮಾರು 64 ಡೆಸಿಬೆಲ್ ತೋರಿಸುತ್ತದೆ. ಅಂದರೆ 30 ಡೆಸಿಬೆಲ್ ಕಡಿಮೆ. ಆಗ ಎಸ್‌ಎಂ57ರಿಂದ ಬರುವುದು 0.05 ಮಿಲಿವೋಲ್ಟ್ ಅಷ್ಟೇ. ಅದೂ ಮೀಟಿದ ಕ್ಷಣಕ್ಕೆ. ವೀಣೆಯ ಜೀವ ಇರುವುದು ಮೀಟಿನ ನಂತರ ಅಲ್ವಾ? ತೋಡಿ ರಾಗದ ಗಾಂಧಾರವನ್ನು ತಂತಿ ಎಳೆದು ತೂಗುವಾಗ ನಾದ ಕರಗುತ್ತಾ ಹೋಗುತ್ತದೆ. ಮಕ್ಕಳು ಕಲಿಯಬೇಕಾದ್ದು ಆ ಕರಗುವ ಭಾಗವನ್ನೇ. ನನ್ನ ಹಳೆಯ ರೆಕಾರ್ಡಿಂಗ್ ಪೆಟ್ಟಿಗೆಯಲ್ಲಿ ಅದು ಮಲ್ಪೆ ಕಡಲಿನ ದೂರದ ಮೊರೆತದಂಥ ಹಿಸ್ಸಿನಲ್ಲಿ ಮುಳುಗುತ್ತಿತ್ತು.

ಹಳೆಯದು, ಮೈಕನ್ನು ಕಂಪ್ಯೂಟರಿಗೆ ಜೋಡಿಸುವ, ಒಳಗೇ ಪ್ರೀಆ್ಯಂಪ್ ಇರುವ ಒಂದು ಅಗ್ಗದ ಯುಎಸ್‌ಬಿ ಇಂಟರ್‌ಫೇಸ್. ಗೇನ್ (ಸಿಗ್ನಲ್ ಎಷ್ಟು ಎತ್ತಬೇಕೆಂಬ) ಗುಂಡಿಯನ್ನು ಮುಕ್ಕಾಲು ತಿರುಗಿಸುವವರೆಗೆ ಸುಮಾರಾಗಿ ಇರುತ್ತಿತ್ತು. ಎಸ್‌ಎಂ57ಗೆ ಪೂರ್ತಿ ತಿರುಗಿಸಲೇ ಬೇಕು. ಆ ಕೊನೆಯ ಕಾಲು ಭಾಗದಲ್ಲಿ ಹಿಸ್ ಏಕ್ದಂ ಏರುತ್ತಿತ್ತು.

ಹಣ ಖರ್ಚು ಮಾಡುವ ಮೊದಲು ಹಿಸ್ ಎಲ್ಲಿಂದ ಬರುತ್ತದೆ ಎಂದು ತಿಳಿಯಬೇಕಿತ್ತು. ಇದಕ್ಕೆ ಒಂದು ಸುಲಭದ ದಾರಿ ಉಂಟು, ಎಲ್ಲರೂ ಮಾಡಿ ನೋಡಿ. ಒಂದು ಎಕ್ಸ್‌ಎಲ್‌ಆರ್ ಪ್ಲಗ್ (ಮೈಕ್ ಕೇಬಲಿನ ಮೂರು ಪಿನ್ನಿನ ಪ್ಲಗ್) ತೆಗೆದುಕೊಂಡು 2 ಮತ್ತು 3ನೇ ಪಿನ್ ನಡುವೆ 150 ಓಮ್‌ನ ರೆಸಿಸ್ಟರ್ ಬೆಸುಗೆ ಹಾಕಿ. ರೂಪಾಯಿ ಲೆಕ್ಕದ ವಸ್ತು. ಮೊದಲು ಮೈಕ್ ಎದುರು ಫೋನಿನಿಂದ ಒಂದೇ ಸಮನಾದ ಟೋನ್ ನುಡಿಸಿ. ಫೋನ್, ಮೈಕ್ ಯಾವುದನ್ನೂ ಅಲ್ಲಾಡಿಸದೆ ಹೋಲಿಸಬೇಕಾದ ಎರಡು ಪೆಟ್ಟಿಗೆಗಳಲ್ಲೂ ಅದೇ ಮಟ್ಟ ಬರುವ ಹಾಗೆ ಗೇನ್ ಹೊಂದಿಸಿ. ಆಮೇಲೆ ಮೈಕ್ ತೆಗೆದು ಈ ಪ್ಲಗ್ ಚುಚ್ಚಿ. ಈಗ ಕೇಳುವುದು ಪೆಟ್ಟಿಗೆಯದ್ದೇ ಸದ್ದು. ಕೋಣೆ, ಮಳೆ, ಕಪ್ಪೆ, ಯಾವುದೂ ಇಲ್ಲ.

ಆ ರೆಸಿಸ್ಟರಿಗೂ ಅದರದ್ದೇ ಆದ ಹಿಸ್ ಇದೆ. ಬಿಸಿಯಿಂದ ಎಲೆಕ್ಟ್ರಾನ್‌ಗಳು ಅಲುಗಾಡುವುದರಿಂದ ಹುಟ್ಟುವುದು. 150 ಓಮ್‌ಗೆ, 20 ಕಿಲೋಹರ್ಟ್ಸ್‌ವರೆಗಿನ ಸದ್ದಿಗೆ, ಅದು ಸುಮಾರು ಮೈನಸ್ 131 ಡಿಬಿಯು (ವೋಲ್ಟೇಜನ್ನು ಡೆಸಿಬೆಲ್, ಅಂದರೆ ಡಿಬಿ ಲೆಕ್ಕದಲ್ಲಿ ಹೇಳುವ ಅಳತೆ; ಮೈನಸ್ ಅಂಕಿ ದೊಡ್ಡದಾದಷ್ಟೂ ಹಿಸ್ ಕಡಿಮೆ). ಎಷ್ಟೇ ಲಕ್ಷ ಕೊಟ್ಟರೂ ಆ ರೆಸಿಸ್ಟರ್ ಇಟ್ಟು ಅಳೆದಾಗ ಅದಕ್ಕಿಂತ ಕೆಳಗೆ ಇಳಿಯಲು ಆಗುವುದಿಲ್ಲ. ಪ್ರೀಆ್ಯಂಪ್‌ಗಳ ವಿವರದಲ್ಲಿ ಇಐಎನ್ (ಒಳಬರುವ ಸಿಗ್ನಲಿನ ಮಟ್ಟದಲ್ಲಿ ಲೆಕ್ಕ ಹಾಕಿದ ಹಿಸ್) ಎಂದು ಬರೆಯುವ ಅಂಕಿ ಇದಕ್ಕೇ ಸಂಬಂಧಪಟ್ಟದ್ದು. ಮೈನಸ್ 127, 128 ಇದ್ದರೆ ಬಹಳ ಒಳ್ಳೆಯದು. ಅಲ್ಲಿಂದ ಮೇಲೆ ಇನ್ನೆಷ್ಟು ದುಡ್ಡು ಸುರಿದರೂ ಹಿಸ್ ಕಡಿಮೆಯಾಗುವುದು ಎರಡು ಮೂರು ಡಿಬಿ ಮಾತ್ರ. ಇದು ಗೊತ್ತಾದ ಮೇಲೆ ದೊಡ್ಡ ದೊಡ್ಡ ಹೆಸರಿನ ಪ್ರೀಆ್ಯಂಪ್‌ಗಳ ಕಡೆ ನೋಡುವುದನ್ನೇ ಬಿಟ್ಟೆ.

ಮೊದಲು ಗೆಳೆಯನ ಫೆಟ್‌ಹೆಡ್ ತಂದು ಹಾಕಿ ನೋಡಿದೆ. ಬೆರಳುದ್ದದ ಕೊಳವೆ. ಮೈಕಿಗೂ ಕೇಬಲಿಗೂ ನಡುವೆ ಕೂತು 27 ಡಿಬಿ ಎತ್ತಿಕೊಡುತ್ತದೆ. 48 ವೋಲ್ಟ್ ಫ್ಯಾಂಟಮ್ ಪವರ್ (ಮೈಕ್ ಕೇಬಲಿನಲ್ಲೇ ಪೆಟ್ಟಿಗೆ ಕಳಿಸುವ ವಿದ್ಯುತ್) ಅದಕ್ಕೆ ಬೇಕು. ಆ ವೋಲ್ಟೇಜನ್ನು ಮೈಕಿಗೆ ದಾಟಿಸುವುದಿಲ್ಲ, ಹಾಗಾಗಿ ಡೈನಮಿಕ್ ಮೈಕಿಗೆ ಭಯ ಇಲ್ಲ. ಹಳೆಯ ಪೆಟ್ಟಿಗೆಯ ಗುಂಡಿ ಅರ್ಧಕ್ಕೇ ನಿಂತಿತು, ಹಿಸ್ ಎದ್ದು ಕಾಣುವಷ್ಟು ಇಳಿಯಿತು. ಒಂದೇ ಮೈಕ್ ಇರುವವರಿಗೆ ಮಾರಾಯ್ರೇ, ಇಷ್ಟು ಸಾಕು. ನನಗೆ ಎರಡು ಚಾನೆಲ್ ಬೇಕಿತ್ತು, ಒಂದು ಕೊಡದ ಹತ್ತಿರ, ಇನ್ನೊಂದು ಮೆಟ್ಟಿಲುಗಳ ಕಡೆಗೆ. ಅದಕ್ಕೇ ಪೆಟ್ಟಿಗೆಯನ್ನೇ ಬದಲಿಸಿದೆ. ತೆಗೆದುಕೊಂಡದ್ದು ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2, 2023ರಲ್ಲಿ ಬಂದ ನಾಲ್ಕನೇ ಪೀಳಿಗೆಯದ್ದು. ಗೇನ್ 69 ಡಿಬಿ, ಇಐಎನ್ ಮೈನಸ್ 127. ಹಿಂದಿನ ಪೀಳಿಗೆಯಲ್ಲಿ ಗೇನ್ 56 ಇತ್ತು. ಆ 13 ಡಿಬಿ ನನ್ನಂಥವರಿಗೆ ಮುಖ್ಯ.

ರೆಸಿಸ್ಟರ್ ಪ್ಲಗ್ ಹಾಕಿ ಹೋಲಿಸಿದಾಗ ಹಳೆಯದಕ್ಕಿಂತ ಹಿಸ್ ಸುಮಾರು 10 ಡಿಬಿ ಕೆಳಗೆ. ವೀಣೆಯಲ್ಲಿ ಇದು ಹೇಗೆ ಕೇಳುತ್ತದೆ ಅಂದರೆ, ಗಮಕದ ಬಾಲ ಇನ್ನಷ್ಟು ಹೊತ್ತು ಉಳಿಯುತ್ತದೆ. ಬೆರಳು ಮೆಟ್ಟಿಲಿನ ಮೇಲೆ ಜಾರುವ ಸಣ್ಣ ಸದ್ದು ಕೇಳುತ್ತದೆ. ಅಮ್ಮ ಹೆಡ್‌ಫೋನ್ ಹಾಕಿ ಕೇಳಿ, "ಇದರಲ್ಲಿ ನಾನು ಎಲ್ಲಿ ಬಿಟ್ಟೆ ಅಂತ ಗೊತ್ತಾಗ್ತದೆ" ಎಂದರು. ಎಡಗೈ ತಂತಿಯನ್ನು ಬಿಡುವ ಜಾಗ ಅದು. ಪಾಠಕ್ಕೆ ಬೇಕಾದ್ದೂ ಅದೇ.

ಈಗ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಇದೇ ಹೊಸ ಪೆಟ್ಟಿಗೆಗೆ ಕಂಡೆನ್ಸರ್ ಹಾಕಿ ಕೇಳಿದರೆ ಹಳೆಯದಕ್ಕೂ ಇದಕ್ಕೂ ವ್ಯತ್ಯಾಸ ಬಹಳ ಕಡಿಮೆ. ನನ್ನ ಕಂಡೆನ್ಸರಿನ ಸ್ವಂತ ಹಿಸ್ 16 ಡೆಸಿಬೆಲ್. ವೋಲ್ಟೇಜಿಗೆ ತಿರುಗಿಸಿದರೆ ಅದು ಸುಮಾರು ಮೈನಸ್ 114 ಡಿಬಿಯು. ಒಳ್ಳೆ ಪ್ರೀಆ್ಯಂಪಿನ ಹಿಸ್ ಇದಕ್ಕಿಂತ 13 ಡಿಬಿ ಕೆಳಗೆ. ಹಾಗಿರುವಾಗ ಪ್ರೀಆ್ಯಂಪ್ ಅದಕ್ಕೆ ಸೇರಿಸುವುದು ಕಾಲು ಡಿಬಿಗಿಂತಲೂ ಕಡಿಮೆ. ಅಲ್ಲಿ ಹಿಸ್ ಕಡಿಮೆ ಮಾಡಬೇಕಿದ್ದರೆ ಮೈಕನ್ನೇ ಬದಲಿಸಬೇಕು. ವರ್ಷಪೂರ್ತಿ ಕಂಡೆನ್ಸರಿನಲ್ಲೇ ರೆಕಾರ್ಡ್ ಮಾಡುವವರು ಸುಮ್ನೆ ಪ್ರೀಆ್ಯಂಪಿಗೆ ದುಡ್ಡು ಹಾಕಬೇಡಿ.

ಇಂಟರ್‌ಫೇಸಿನ ಹೊರಗೆ ಬೇರೆಯೇ ಪ್ರೀಆ್ಯಂಪ್ ಕೊಂಡು ಅದರ ಲೈನ್ ಇನ್‌ಪುಟ್‌ಗೆ (ಮೊದಲೇ ಎತ್ತಿದ ಸಿಗ್ನಲಿಗೆ ಇರುವ ಜಾಗ) ಜೋಡಿಸುವವರು ಇನ್ನೊಂದು ನೋಡಿಕೊಳ್ಳಿ. ಕೆಲವು ಅಗ್ಗದ ಇಂಟರ್‌ಫೇಸ್‌ಗಳಲ್ಲಿ ಲೈನ್ ಇನ್‌ಪುಟ್ ಎಂದು ಬರೆದಿದ್ದರೂ ಸಿಗ್ನಲ್ ಒಳಗಿನ ಪ್ರೀಆ್ಯಂಪ್ ಮೂಲಕವೇ ಹಾದುಹೋಗುತ್ತದೆ, ಅದರ ಹಿಸ್ ಕೂಡ ಸೇರುತ್ತದೆ. ಲೈನ್‌ಗೆ ಹಾಕಿದಾಗಲೂ ಗೇನ್ ಗುಂಡಿ ಕೆಲಸ ಮಾಡುತ್ತಿದೆಯಾ ಅಂತ ಮೊದಲು ನೋಡಿ.

ಯಕ್ಷಗಾನದ ಗೆಳೆಯರಿಗೆ ಇದು ಯಾವುದೂ ಬೇಡ. ಚಂಡೆಯ ಎದುರು ಎಸ್‌ಎಂ57 ಇಟ್ಟರೆ ಗೇನ್ ಗುಂಡಿಯನ್ನು ಮುಟ್ಟುವ ಕೆಲಸವೇ ಕಡಿಮೆ. ಅಲ್ಲಿ ನೋಡಬೇಕಾದ್ದು ಒಳಬರುವ ಸಿಗ್ನಲ್ ಎಷ್ಟು ಜೋರಿದ್ದರೂ ಒಡೆಯದೆ ತಡೆದುಕೊಳ್ಳುತ್ತದಾ ಎಂಬುದನ್ನು. ಮದ್ದಳೆಗೂ ಅದೇ ಲೆಕ್ಕ. ಭಾಗವತರ ಮೈಕಿಗೆ ಮಧ್ಯಮ ಗೇನ್ ಧಾರಾಳ ಸಾಕು.

ಹಂಚಿನ ಮೇಲೆ ಬೀಳುವ ಮಳೆಯ ಸದ್ದಿಗೆ ಮಾತ್ರ ಯಾವ ಪ್ರೀಆ್ಯಂಪಿನಲ್ಲೂ ಮದ್ದಿಲ್ಲ. ಮಳೆ ಬಿಟ್ಟ ಹೊತ್ತು ನೋಡಿಯೇ ಕೂರಬೇಕು. ನವರಾತ್ರಿ ಹೊತ್ತಿಗೆ ಗಾಳಿ ಸ್ವಲ್ಪ ಒಣಗಿದ ಮೇಲೆ ಕಂಡೆನ್ಸರನ್ನು ಹೊರಗೆ ತೆಗೆಯುತ್ತೇನೆ. ಆಗ ಅಮ್ಮನ ಹತ್ತಿರ ಅದೇ ತೋಡಿ ನುಡಿಸಲು ಹೇಳಿ, ಎರಡೂ ಮೈಕಿನ ರೆಕಾರ್ಡಿಂಗ್ ಇಲ್ಲಿ ಹಾಕುತ್ತೇನೆ. ಹೆಡ್‌ಫೋನಿನಲ್ಲೇ ಕೇಳಿ, ಫೋನಿನ ಸ್ಪೀಕರಿನಲ್ಲಿ ಈ ವ್ಯತ್ಯಾಸ ಕೇಳುವುದಿಲ್ಲ.