ಹುಡುಗೂರು ಏನ್ ಪಾಪ ಮಾಡ್ಯಾರ್ರೀ ಮೇಡಂ?

ಕಲಬುರಗಿಯ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ವಿದ್ಯುತ್ ಯಂತ್ರಗಳ ಪ್ರಯೋಗಾಲಯವನ್ನು ನೋಡಿಕೊಳ್ಳುವ ನಾನು, ಪ್ರತಿ ಶನಿವಾರ ಬೆಳಿಗ್ಗೆ ಮೂರು ತಾಸು ಅದನ್ನು ವಿದ್ಯಾರ್ಥಿನಿಯರಿಗೆ ಮಾತ್ರ ತೆರೆದಿಡುತ್ತೇನೆ. ಈ ಸುದ್ದಿ ಕಿವಿಗೆ ಬಿದ್ದವರೆಲ್ಲ ಕೇಳುವ ಪ್ರಶ್ನೆಯನ್ನೇ ಶೀರ್ಷಿಕೆಯಾಗಿ ಕೊಟ್ಟಿದ್ದೇನೆ. ಕೇಳಿದ ಮೇಲೆ ಒಂದು ನಗು, ಅದರ ಹಿಂದೆಯೇ ‘ಸುಮ್ನ ಕೇಳ್ದೆ, ತಪ್ಪು ತಿಳೀಬ್ಯಾಡ್ರಿ’ ಎಂಬ ಬಾಲಂಗೋಚಿ. ನಾನು ತಪ್ಪು ತಿಳಿಯದೆ ಬಹಳ ವರ್ಷ ಉತ್ತರಿಸಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಈ ಬರಹವನ್ನು ಕಳಿಸುವುದೆಂದು ತೀರ್ಮಾನಿಸಿದ್ದೇನೆ.

ಮೊದಲಿಗೆ ಆ ‘ಪಾಪ’ ಎಂಬ ಪದದ ಬಗ್ಗೆಯೇ ನನ್ನ ತಕರಾರಿದೆ. ಹುಡುಗರು ಪಾಪ ಮಾಡಿದ್ದಾರೆಂದು ನಾನು ಯಾರಿಗೂ ಹೇಳಿಲ್ಲ. ಹುಡುಗಿಯೊಬ್ಬಳ ಕೈಗೆ ಪಾನಾ ಕೊಟ್ಟ ಕೂಡಲೇ ಅದನ್ನು ಯಾವುದೋ ಹುಡುಗನ ಕೈಯಿಂದ ಕಿತ್ತುಕೊಂಡೇ ತಂದಿರಬೇಕೆಂದು ಜನರಿಗೆ ಏಕೆ ಅನ್ನಿಸುತ್ತದೆಯೋ ನನಗೆ ತಿಳಿಯದು. ನಮ್ಮ ಲ್ಯಾಬಿನಲ್ಲಿ ಬೇರೆ ಯಾವುದಕ್ಕೆ ಕೊರತೆಯಿದ್ದರೂ ಪಾನಾಗಳಿಗೆ ಕೊರತೆಯಿಲ್ಲ.

ಕಳೆದ ವರ್ಷ ಸೇಡಂ ರಸ್ತೆಯ ಕಲ್ಯಾಣ ಮಂಟಪವೊಂದರಲ್ಲಿ, ಬಂಧುಗಳ ಮದುವೆಯ ಪಂಕ್ತಿಯಲ್ಲಿ, ದೂರದ ಸಂಬಂಧಿಯಾದ ಕಾಕಾ ಒಬ್ಬರು ನನ್ನ ಪಕ್ಕದಲ್ಲಿ ಕುಳಿತಿದ್ದರು. ಎಲೆಗೆ ಹೋಳಿಗೆ ಬೀಳುವ ಮೊದಲೇ ಅವರ ಪ್ರಶ್ನೆ ಬಿತ್ತು. ‘ಎಲ್ಲಾರ್ಗೂ ಒಂದೇ ನ್ಯಾಯ ಇರಬೇಕ್ ನೋಡವ್ವ’ ಎಂದು ತೀರ್ಪನ್ನೂ ಅವರೇ ಕೊಟ್ಟರು. ಅವರ ಮಗನಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿದ್ದು 371(ಜೆ) ಕೋಟಾದಲ್ಲಿ ಎಂಬುದು ನನಗೆ ಗೊತ್ತಿತ್ತು. ಶತಮಾನಗಳ ಹಿಂದುಳಿಯುವಿಕೆಯನ್ನು ಹೊತ್ತ ನಮ್ಮ ಪ್ರದೇಶದ ಮಕ್ಕಳನ್ನು ಬೆಂಗಳೂರಿನ ಮಕ್ಕಳೊಂದಿಗೆ ಒಂದೇ ಗೆರೆಯಲ್ಲಿ ನಿಲ್ಲಿಸಿ ಓಡಿಸುವುದು ನ್ಯಾಯವಲ್ಲವೆಂದು ವರ್ಷಗಟ್ಟಲೆ ಹೋರಾಡಿದ ಮೇಲೆ, 2012ರ 98ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ ವಿಧಿ ಅದು. ಅದರಿಂದ ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ. 70ರಷ್ಟು ಸೀಟುಗಳು ದೊರೆತವು. ಆ ಪ್ರಮಾಣಪತ್ರಕ್ಕಾಗಿ ಕಚೇರಿಯಿಂದ ಕಚೇರಿಗೆ ತಿರುಗಿದ ಕಾಕಾ ಅವರಿಗೆ, ಎಲ್ಲರೂ ಒಂದೇ ಗೆರೆಯಿಂದ ಹೊರಡುವುದಿಲ್ಲ ಎಂಬ ಮಾತನ್ನು ನಾನು ಹೊಸದಾಗಿ ಕಲಿಸಬೇಕಿತ್ತೇ? ಎಲೆಯ ಮುಂದೆ ಕುಳಿತು ಜಗಳವಾಡಬಾರದೆಂದು ಸುಮ್ಮನಿದ್ದೆ. ಮಜ್ಜಿಗೆ ಬರುವ ಹೊತ್ತಿಗೆ ಅವರು ನನ್ನ ಕಡೆ ಬಾಗಿ, ದನಿ ತಗ್ಗಿಸಿ, ‘ಆ ಪ್ರಗತಿ ಅಂತ ಐವತ್ತು ಸಾವಿರದ ಸ್ಕಾಲರ್‌ಶಿಪ್ ಅದ ಅಂತಲ್ಲ, ಎರಡನೇ ಮಗಳಿಗೂ ಸಿಗ್ತದೇನವ್ವ?’ ಎಂದರು. ಸಿಗುತ್ತದೆ. ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎಐಸಿಟಿಇ ಕೊಡುವ ಆ ವಿದ್ಯಾರ್ಥಿವೇತನ ವರ್ಷಕ್ಕೆ 50,000 ರೂಪಾಯಿ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿ ಮೀರದಿದ್ದರೆ ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳವರೆಗೆ ಅರ್ಜಿ ಹಾಕಬಹುದು. ಹುಡುಗರು ಮಾಡಿದ ಪಾಪದ ವಿಚಾರ ಆಮೇಲೆ ಆ ಪಂಕ್ತಿಯಲ್ಲಿ ಏಳಲಿಲ್ಲ.

ಈಗ ಶನಿವಾರದ ವಿಷಯ. ನಮ್ಮಲ್ಲಿ ನಾಲ್ವರಿಗೆ ಒಂದು ಪ್ರಯೋಗ. ಮೂವರು ಹುಡುಗರು ಮತ್ತು ಒಬ್ಬ ಹುಡುಗಿ ಇರುವ ಬ್ಯಾಚಿನಲ್ಲಿ, ‘ನಿನ್ನ ಅಕ್ಷರ ಚಂದ ಅವ, ನೀ ರೀಡಿಂಗ್ ಬರಕೋ’ ಎಂಬ ಹೊಗಳಿಕೆಯೊಡನೆ ಹುಡುಗಿಯನ್ನು ಸ್ಟೂಲಿನ ಮೇಲೆ ಕೂರಿಸಲಾಗುತ್ತದೆ. ಯಾರಿಗೂ ಕೆಟ್ಟ ಉದ್ದೇಶವಿರುವುದಿಲ್ಲ; ಅದರಿಂದಾಗಿಯೇ ಇದನ್ನು ತಡೆಯುವುದು ಕಷ್ಟ. ಎರಡು ವ್ಯಾಟ್‌ಮೀಟರುಗಳಿಂದ ಮೂರು ಫೇಸಿನ ವಿದ್ಯುತ್ತನ್ನು ಅಳೆಯುವಾಗ, ಪವರ್ ಫ್ಯಾಕ್ಟರ್ (ಹರಿಯುವ ವಿದ್ಯುತ್ತಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) 0.5ಕ್ಕಿಂತ ಕೆಳಗಿಳಿದರೆ ಒಂದು ಮೀಟರಿನ ಮುಳ್ಳು ಹಿಂದಕ್ಕೆ ಹೊರಳುತ್ತದೆ; ಆಗ ಸಪ್ಲೈ ಆರಿಸಿ, ಆ ಮೀಟರಿನ ಒಂದು ಕಾಯಿಲ್‌ನ ತುದಿಗಳನ್ನು ಅದಲುಬದಲು ಮಾಡಿ, ಬಂದ ಅಂಕಿಯನ್ನು ಋಣ ಚಿಹ್ನೆಯೊಂದಿಗೆ ಬರೆಯಬೇಕು. ಅದಲುಬದಲು ಹುಡುಗರ ಪಾಲಿಗೆ, ಋಣ ಚಿಹ್ನೆ ಹುಡುಗಿಯ ಪಾಲಿಗೆ.

ಒಮ್ಮೆ ಮೌಖಿಕ ಪರೀಕ್ಷೆಯಲ್ಲಿ, ಹೊರಗಿನಿಂದ ಬಂದ ಪರೀಕ್ಷಕರು ನನ್ನ ಒಳ್ಳೆಯ ವಿದ್ಯಾರ್ಥಿನಿಯೊಬ್ಬಳಿಗೆ, ಡಿ.ಸಿ. ಶಂಟ್ ಮೋಟಾರನ್ನು ಚಾಲೂ ಮಾಡುವಾಗ ಫೀಲ್ಡ್ ರಿಯೋಸ್ಟಾಟ್, ಅಂದರೆ ಕಾಂತಕ್ಷೇತ್ರದ ಸುರುಳಿಯ ಕರೆಂಟನ್ನು ಹೆಚ್ಚುಕಡಿಮೆ ಮಾಡುವ ಪ್ರತಿರೋಧಕ, ಎಲ್ಲಿರಬೇಕು ಎಂದು ಕೇಳಿದರು. ಕನಿಷ್ಠದಲ್ಲಿರಬೇಕು, ಇಲ್ಲದಿದ್ದರೆ ಫೀಲ್ಡ್ ದುರ್ಬಲವಾಗಿ ವೇಗ ಮಿತಿಮೀರುತ್ತದೆ ಎಂದು ಅವಳು ತಡವರಿಸದೆ ಉತ್ತರಿಸಿದಳು. ‘ಹಾಗಾದರೆ ಇಟ್ಟು ತೋರಿಸು’ ಎಂದರು. ಮೇಜಿನ ಮೇಲೆ ಒಂದೇ ತರಹದ ಎರಡು ರಿಯೋಸ್ಟಾಟ್‌ಗಳಿದ್ದವು. ಯಾವುದು ಫೀಲ್ಡಿನದು, ಯಾವುದು ತಿರುಗುವ ಭಾಗವಾದ ಆರ್ಮೇಚರಿನದು ಎಂದು ಅವಳು ಜೊತೆಯ ಹುಡುಗನ ಮುಖವನ್ನು ನೋಡಿದಳು. ಅವಳಿಗೆ ಗೊತ್ತಿಲ್ಲದ್ದಕ್ಕೆ ನನಗೆ ಬೇಸರವಾಗಲಿಲ್ಲ, ಆದರೆ ಅಷ್ಟು ತಿಳಿದವಳು ಹಾಗೆ ನೋಡಿದ ರೀತಿಯನ್ನು ಮರೆಯಲಾಗಲಿಲ್ಲ. ಮುಂದಿನ ಶನಿವಾರದಿಂದ ಲ್ಯಾಬಿನ ಬಾಗಿಲು ತೆರೆಯಿತು.

ಯಾದಗಿರಿ ಕಡೆಯ ಹುಡುಗನೊಬ್ಬ ಒಂದು ಶನಿವಾರ ಬಂದು, ತನ್ನ ಬ್ಯಾಚಿನಲ್ಲಿ ತನಗೂ ಯಾರೂ ವೈರು ಮುಟ್ಟಗೊಡುವುದಿಲ್ಲ ಎಂದು ಹೇಳಿದ. ಅವನಿಗೆ ಕೊಡಲು ನನ್ನಲ್ಲಿ ಸರಿಯಾದ ಉತ್ತರವಿರಲಿಲ್ಲ. ಸೋಮವಾರ ಊಟದ ಬಿಡುವಿನಲ್ಲಿ ಬಾ ಎಂದೆ, ಬಂದ, ಈಗಲೂ ಬರುತ್ತಾನೆ. ಪ್ರಶ್ನೆ ಕೇಳುವವರಲ್ಲಿ ಒಬ್ಬರಾದರೂ ಇವನನ್ನು ತಮ್ಮ ವಾದಕ್ಕೆ ಬಳಸಿಕೊಂಡಿದ್ದರೆ ನಾನು ನಿಜಕ್ಕೂ ಸಿಕ್ಕಿಬೀಳುತ್ತಿದ್ದೆ; ಅವರಿಗೆ ಇಂಥ ಹುಡುಗ ಇದ್ದಾನೆಂಬುದೇ ಗೊತ್ತಿಲ್ಲ.

ಇನ್ನು ಕೆಲವರು, ‘ಹಿಂದಿನವರು ಯಾರ ಸಹಾಯವೂ ಇಲ್ಲದೆ ಓದಲಿಲ್ಲವೇ’ ಎನ್ನುತ್ತಾರೆ. ಹದಿನೆಂಟರ ವಯಸ್ಸಿಗೆ ವಿಧವೆಯಾಗಿ, ಕೈಗೂಸನ್ನಿಟ್ಟುಕೊಂಡು, 1940ರಲ್ಲಿ ಮದ್ರಾಸಿನ ಗಿಂಡಿ ಇಂಜಿನಿಯರಿಂಗ್ ಕಾಲೇಜನ್ನು ಸೇರಿ ವಿದ್ಯುತ್ ವಿಭಾಗದಲ್ಲಿ ಓದಿದ ಎ. ಲಲಿತಾ ಅವರನ್ನು ಉದಾಹರಿಸುತ್ತಾರೆ. ಅವರ ತಂದೆ ಅದೇ ಕಾಲೇಜಿನಲ್ಲಿ ವಿದ್ಯುತ್ ವಿಭಾಗದ ಪ್ರಾಧ್ಯಾಪಕರಾಗಿದ್ದರು. ಮಗಳ ಪ್ರವೇಶಕ್ಕಾಗಿ ಮೇಲಿನವರೊಡನೆ ಮಾತನಾಡಿದವರೂ ಅವರೇ. ಲಲಿತಾ ಹಾಸ್ಟೆಲಿನಲ್ಲಿದ್ದಾಗ ಮಗುವನ್ನು ನೋಡಿಕೊಂಡದ್ದು ಸೋದರನ ಮನೆಯವರು. ಸಿವಿಲ್ ವಿಭಾಗಕ್ಕೆ ಇನ್ನಿಬ್ಬರು ಹೆಣ್ಣುಮಕ್ಕಳು ಸೇರಿದ್ದರಿಂದ ಜೊತೆಯೂ ಸಿಕ್ಕಿತು. ಆಕೆಯ ಬುದ್ಧಿಶಕ್ತಿಗೆ ಇದರಿಂದ ಒಂದು ಗುಲಗಂಜಿಯಷ್ಟೂ ಕುಂದಿಲ್ಲ. ಆದರೆ ಆ ಕತೆಯನ್ನು ಹೇಳುವವರು ಕೂಸು ಯಾರ ತೊಡೆಯ ಮೇಲಿತ್ತು ಎಂಬುದನ್ನು ಬಿಟ್ಟು ಹೇಳುತ್ತಾರೆ.

ನನ್ನನ್ನು ಯಾರೂ ಕೇಳದ ಪ್ರಶ್ನೆಯೊಂದಿದೆ: ‘ಮೇಡಂ, ನಿಮ್ಮ ಲ್ಯಾಬ್ ಎಷ್ಟಕ್ಕ ಬಿಡ್ತದ?’ ಶನಿವಾರದ್ದಲ್ಲ, ವೇಳಾಪಟ್ಟಿಯ ಲ್ಯಾಬ್ ಐದು ಗಂಟೆಗೆ. ಐದಕ್ಕೆ ಬಿಟ್ಟರೆ, ಬಸ್ ನಿಲ್ದಾಣ ಸೇರಿ, ಸುಮಾರು 40 ಕಿಲೋಮೀಟರು ದೂರದ ಆಳಂದಕ್ಕೆ ಹೋಗಿ, ಅಲ್ಲಿಂದ ಹಳ್ಳಿಯ ಬಸ್ಸಿಗೆ ಕಾಯುವ ಹುಡುಗಿ ಮನೆ ಮುಟ್ಟುವುದು ಕತ್ತಲಾದ ಮೇಲೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಅವಳಿಗೆ ಟಿಕೆಟ್ ದುಡ್ಡು ಉಳಿದಿದೆ, ಅದು ಸಣ್ಣ ಮಾತಲ್ಲ. ಆದರೆ ಕತ್ತಲು ಹಿಂದಕ್ಕೆ ಸರಿದಿಲ್ಲ. ನಾಲ್ಕೂವರೆಗೆ ಅವಳ ಕಣ್ಣು ಗಡಿಯಾರದ ಮೇಲಿರುತ್ತದೆ, ರೀಡಿಂಗ್ ಬರೆದುಕೊಂಡು ಬೇಗ ಹೊರಡಬಹುದಾದ ಸ್ಟೂಲು ಅವಳಿಗೂ ಹಿತವೆನಿಸುತ್ತದೆ. ಮನೆಯವರು ಎರಡು ಸಲ ರಸ್ತೆಗೆ ಬಂದು ಕಾಯುತ್ತಾರೆ, ಮೂರನೆಯ ಸಲ ಊರಿನ ಹತ್ತಿರದ ಡಿಗ್ರಿ ಕಾಲೇಜಿನ ಮಾತೆತ್ತುತ್ತಾರೆ. ಮಹಿಳಾ ದಿನದಂದು ವೇದಿಕೆಯ ಮೇಲೆ ನನಗೆ ಹೊದಿಸಿದ ಶಾಲುಗಳ ಬದಲು ಒಂದು ಬೆಳಗಿನ ಲ್ಯಾಬ್ ಅವಧಿಯನ್ನು ಕೊಟ್ಟಿದ್ದರೆ ಎಷ್ಟು ಹುಡುಗಿಯರು ಕಾಲೇಜು ಬಿಡದೆ ಉಳಿಯುತ್ತಿದ್ದರೋ. ಶಾಲುಗಳನ್ನು ಬೇಕಾದರೆ ಹಿಂದಿರುಗಿಸುತ್ತೇನೆ, ಇನ್ನೂ ಮಡಿಕೆ ಬಿಚ್ಚಿಲ್ಲ.

ವೇಳಾಪಟ್ಟಿ ಬದಲಿಸಿರೆಂದು ಮೂರು ಸೆಮಿಸ್ಟರುಗಳಿಂದ ಅರ್ಜಿ ಕೊಡುತ್ತಿದ್ದೇನೆ. ಈ ಸಲ ಎರಡು ಬ್ಯಾಚುಗಳ ಲ್ಯಾಬು ಬೆಳಿಗ್ಗೆ ಒಂಬತ್ತಕ್ಕೆ ಬಂದಿದೆ. ಮೂರನೆಯ ಬ್ಯಾಚಿನದು ಈಗಲೂ ಐದಕ್ಕೇ ಬಿಡುತ್ತದೆ.